ಬಿಜಾಪುರದಿಂದ ಆಗ್ರಾಕ್ಕೆ ಹೋದ ಹೊಗೆ

ಹೊಸ ಸಿಗಾರೊಂದು ಮಾರುಕಟ್ಟೆಗೆ ಬಂದಾಗ ಅದರ ಭಕ್ತರು ಬರೆಯುವ ವಿಮರ್ಶೆಗಳನ್ನು ನೀವು ಓದಿದ್ದೀರಾ? ನನಗೆ ಸಿಗಾರಿನ ಚಟ ಇಲ್ಲ, ಆದರೆ ಈ ಬರಹಗಳನ್ನು ಓದುವ ಚಟ ಇದೆ. ಮೊದಲು ಪೆಟ್ಟಿಗೆಯ ವರ್ಣನೆ, ಆಮೇಲೆ ಮೇಲೆಲೆಯ ಬಣ್ಣ, ಆಮೇಲೆ ಅದು ಸಮವಾಗಿ ಉರಿಯಿತೋ ಓರೆಯಾಗಿ ಉರಿಯಿತೋ ಅನ್ನುವುದು, ಆಮೇಲೆ ಬಾಯಿಗೆ ಬಂದ ರುಚಿಗಳ ಪಟ್ಟಿ, ಕೊನೆಗೆ ನೂರಕ್ಕೆ ಇಷ್ಟು ಅಂಕ. ನಮ್ಮ ಕಡೆ ಹೆಣ್ಣು ನೋಡಲು ಹೋದವರು ವಾಪಸು ಬಂದು ವರದಿ ಒಪ್ಪಿಸಿದ ಹಾಗೇ ಇರುತ್ತದೆ!

ಇದೆಲ್ಲ ಇತ್ತೀಚಿನ ಶೋಕಿ, ಅಮೆರಿಕದವರ ಹುಚ್ಚು ಅಂತ ನೀವು ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಹೊಸ ಹೊಗೆಯೊಂದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು, ದೊಡ್ಡವರ ಮುಂದೆ ರುಚಿಗೆ ಹಿಡಿದು, ಪರ-ವಿರೋಧ ಚರ್ಚೆ ಮಾಡಿಸಿ, ಅದನ್ನು ಚಾಚೂ ತಪ್ಪದೆ ಬರೆದಿಟ್ಟ ಒಂದು ಪ್ರಸಂಗ ನಮ್ಮ ದೇಶದಲ್ಲೇ ನಡೆದಿದೆ. ಅದೂ ನಾನೂರು ವರ್ಷಗಳ ಹಿಂದೆ. ಅಷ್ಟೇ ಅಲ್ಲ, ಆ ಸರಕು ಹೋದದ್ದು ನಮ್ಮ ಬಿಜಾಪುರದಿಂದ! ನಲವತ್ತಕ್ಕೂ ಹೆಚ್ಚು ವರ್ಷ ಹೈದರಾಬಾದಿನ ನೀರು ಕುಡಿದರೂ ಬಿಜಾಪುರ ಜಿಲ್ಲೆಯವನು ಅನ್ನುವ ಅಭಿಮಾನ ಹೋಗಿಲ್ಲ ನೋಡಿ, ಅದಕ್ಕೇ ಈ ಕಥೆ ನನಗೆ ಅಷ್ಟು ಇಷ್ಟ. (ಊರಿಗೆ ವಿಜಯಪುರ ಅಂತ ಹೆಸರು ಬದಲಾಗಿದ್ದು 2014ರಲ್ಲಿ. ನಾನು ಹೇಳುವ ಕಾಲಕ್ಕೆ ಬಿಜಾಪುರವೇ ಸರಿ.)

ಅಸದ್ ಬೇಗ್ ಅಂತ ಅಕ್ಬರನ ಆಸ್ಥಾನದ ಅಧಿಕಾರಿ. ಆದಿಲ್‌ಶಾಹಿ ರಾಜಕುಮಾರಿಯನ್ನು ಅಕ್ಬರನ ಮಗ ದಾನಿಯಾಲನಿಗೆ ತಂದುಕೊಳ್ಳುವ ಸಂಬಂಧದ ಕೆಲಸಕ್ಕೆ ಇವನನ್ನು ಬಿಜಾಪುರಕ್ಕೆ ಕಳಿಸಿದ್ದರು. ಆಗ ಅಲ್ಲಿ ಆಳುತ್ತಿದ್ದವನು ಎರಡನೇ ಇಬ್ರಾಹಿಂ ಆದಿಲ್‌ಶಾ, ಸಂಗೀತಪ್ರಿಯ, ನಾವು ಜಗದ್ಗುರು ಬಾದಶಾಹ ಅಂತ ಕರೆಯುವವನು. ಬಿಜಾಪುರದಲ್ಲಿ ಅಸದ್ ಬೇಗ್ ಒಂದು ಹೊಸ ವಸ್ತು ನೋಡಿದ. ತಂಬಾಕು. ಪೋರ್ಚುಗೀಸರು ಗೋವೆಯಲ್ಲಿ ಕೂತು ಆಗಲೇ ಒಂದು ಶತಮಾನವಾಗುತ್ತ ಬಂದಿತ್ತು, ಅವರ ಹಿಂದೆಯೇ ಬಂದ ಸೊಪ್ಪು ದಖ್ಖನಿಗೆ ಹೊಸದಲ್ಲ. ಉತ್ತರದವನಾದ ಇವನಿಗೆ ಮಾತ್ರ ಅದು ಕಂಡು ಕೇಳರಿಯದ ಪದಾರ್ಥ. ಒಂದಷ್ಟು ಕಟ್ಟಿಸಿಕೊಂಡು ಆಗ್ರಾಕ್ಕೆ ಹೊರಟ.

ಆದರೆ ಬಾದಶಹನ ಮುಂದೆ ಬರೀ ಸೊಪ್ಪು ಇಡಲಾದೀತೆ? ಸುಮಾತ್ರಾದ ಆಚೆ ಕಡೆಯಿಂದ ಬಂದ ಮೂರು ಮೊಳದ ಕೊಳವೆ ತರಿಸಿ, ಅದರ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ ಮಾಡಿಸಿದ. ಬಾಯಿಗಿಡುವ ಕಡೆ ಯೆಮೆನ್ ದೇಶದ ಕೆಂಪು ಅಕೀಕ್ ಕಲ್ಲು. ಹಚ್ಚುವುದಕ್ಕೆ ಬಂಗಾರದ ಸಾಧನ. ಆದಿಲ್‌ಶಾ ಉಡುಗೊರೆ ಕೊಟ್ಟಿದ್ದ ಚೆಂದದ ಎಲೆಯಡಿಕೆ ಚೀಲದಲ್ಲಿ ತಂಬಾಕು ತುಂಬಿದ. ಇದನ್ನೆಲ್ಲ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿದ. ಕೊಳವೆಗೆ ಬೆಳ್ಳಿಯ ಕವಚ, ಅದರ ಮೇಲೆ ನೇರಳೆ ಮಖಮಲ್ಲು! ಇವತ್ತಿನ ಪ್ರೀಮಿಯಂ ಸಿಗಾರಿನ ಪೆಟ್ಟಿಗೆ ತಯಾರಿಸುವವರು ಇವನ ಮುಂದೆ ಏನೂ ಅಲ್ಲ. ಇನ್ನೊಂದು ಮಾತು ಗಮನಿಸಿ. ಆ ತಂಬಾಕಿನ ಬಗ್ಗೆ ಅವನು ಬರೆದ ಮುಖ್ಯ ಗುಣ ಏನೆಂದರೆ, ಒಂದು ಎಲೆಗೆ ಕಿಡಿ ತಾಗಿಸಿದರೆ ಸಾಕು, ಉಳಿದದ್ದೆಲ್ಲ ತಾನೇ ಉರಿದುಕೊಂಡು ಹೋಗುತ್ತದೆ. ಇವತ್ತಿನ ವಿಮರ್ಶಕರೂ ಮೊದಲು ನೋಡುವುದು ಅದನ್ನೇ, ಸಮನಾದ ಉರಿ.

ಮುಂದೆ ನಡೆದದ್ದು ನಾಟಕ. ಅಕ್ಬರನ ಕಣ್ಣು ತಟ್ಟೆಯ ಮೇಲೆ ಬಿತ್ತು. ಇದೇನು ಅಂತ ಕೇಳಿದ. ಪಕ್ಕದಲ್ಲಿದ್ದ ಖಾನ್-ಇ-ಆಜಂ, ಅಂದರೆ ಅಕ್ಬರನ ಸಾಕುತಾಯಿಯ ಮಗ ಅಜೀಜ್ ಕೋಕಾ, ಇದು ತಂಬಾಕು, ಮೆಕ್ಕಾ ಮದೀನದಲ್ಲಿ ಎಲ್ಲರಿಗೂ ಗೊತ್ತು, ಔಷಧಿ ಅಂತ ತಂದಿದ್ದಾರೆ ಅಂದ. ಅಕ್ಬರ್ ಎಳೆಯಲು ಶುರು ಮಾಡಿದ್ದೇ ತಡ, ಅರಮನೆಯ ಹಕೀಮ ಅಡ್ಡ ಬಂದ. ಬೇಡ ಅಂದ. ತಂದವನ ಮನಸ್ಸು ನೋಯಬಾರದು ಅಂತ ಬಾದಶಹ ಎರಡು ಮೂರು ಸಲ ಎಳೆದ. ಹಕೀಮ ಅದಕ್ಕಿಂತ ಹೆಚ್ಚಿಗೆ ಬಿಡಲಿಲ್ಲ.

ಆಮೇಲೆ ಚರ್ಚೆ. ಔಷಧಿ ಭಂಡಾರದವನನ್ನು ಕರೆಸಿದರು. ನಮ್ಮ ಪುಸ್ತಕಗಳಲ್ಲಿ ಇದರ ಪ್ರಸ್ತಾಪ ಇಲ್ಲ, ಆದರೆ ಫರಂಗಿ ವೈದ್ಯರು ತುಂಬ ಹೊಗಳಿದ್ದಾರೆ ಅಂದ ಅವನು. ಹಕೀಮನದು ಒಂದೇ ಪಟ್ಟು: ಇದು ಪರೀಕ್ಷೆ ಆಗದ ಪದಾರ್ಥ, ಇದನ್ನು ದೊರೆಗೆ ಹೇಗೆ ಕೊಡಲಿ? ಅಸದ್ ಬೇಗ್ ವಾದ ಮಾಡಿದ. ಫರಂಗಿಗಳಲ್ಲೂ ಜಾಣರಿದ್ದಾರೆ, ಲೋಕದ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಅಂತ. ಅಕ್ಬರನಿಗೆ ಈ ಮಾತು ಹಿಡಿಸಿತು. ಬೇರೆ ದೇಶದ ತಿಳಿದವರು ಒಪ್ಪಿದ್ದನ್ನು, ನಮ್ಮ ಪುಸ್ತಕದಲ್ಲಿಲ್ಲ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು, ಹಾಗಾದರೆ ನಾವು ಮುಂದೆ ಹೋಗುವುದು ಹೇಗೆ ಅನ್ನುವ ಅರ್ಥದ ಮಾತಾಡಿದ. ಯಾರು ಏನೇ ಹೇಳಿದರೂ ಹಕೀಮ ಜಗ್ಗಲಿಲ್ಲ. ಚರ್ಚೆಯಲ್ಲಿ ಎದುರಾಳಿಯಾದರೂ ಅವನು ಒಳ್ಳೆಯ ವೈದ್ಯ ಅಂತ ಅಸದ್ ಬೇಗನೇ ಬರೆದಿದ್ದಾನೆ. ಆ ದೊಡ್ಡತನ ನನಗೆ ಹಿಡಿಸಿತು.

ಫಲಿತಾಂಶ? ಅಮೀರರೆಲ್ಲ ನನಗೊಂದಿಷ್ಟು ಕೊಡು ಅಂತ ಮುಗಿಬಿದ್ದರು. ವ್ಯಾಪಾರಿಗಳು ಮಾರಲು ಶುರು ಮಾಡಿದರು. ಚಟ ಊರೂರು ಹಬ್ಬಿತು. ಬಾದಶಹ ಮಾತ್ರ ಅದನ್ನು ರೂಢಿಸಿಕೊಳ್ಳಲಿಲ್ಲ! ಅಸದ್ ಬೇಗನ ವೃತ್ತಾಂತದ ಈ ಭಾಗ ಮುಗಿಯುವುದು ಆ ಮಾತಿನಿಂದ.

ಇದು 1604-05ರ ಆಸುಪಾಸು. ಅಕ್ಬರ್ ತೀರಿಕೊಂಡಿದ್ದು 1605ರ ಅಕ್ಟೋಬರಿನಲ್ಲಿ. ತಮಾಷೆ ಏನೆಂದರೆ 1604ರಲ್ಲೇ ಅತ್ತ ಇಂಗ್ಲೆಂಡಿನಲ್ಲಿ ದೊರೆ ಒಂದನೇ ಜೇಮ್ಸ್ ತಂಬಾಕನ್ನು ಬೈದು ಸ್ವತಃ ಒಂದು ಪುಸ್ತಿಕೆ ಬರೆದ. ಬರೆದು ಸುಮ್ಮನೆ ಕೂರಲಿಲ್ಲ, ಪೌಂಡಿಗೆ 2 ಪೆನ್ನಿ ಇದ್ದ ಸುಂಕವನ್ನು 6 ಶಿಲಿಂಗ್ 10 ಪೆನ್ನಿಗೆ ಏರಿಸಿದ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇದುವುದನ್ನೇ ನಿಷೇಧಿಸಿದ. ಎರಡು ಕಡೆಯೂ ಏನೂ ಆಗಲಿಲ್ಲ. ನಮ್ಮ ಬೀದರಿನ ಬಿದರಿ ಕುಶಲಕರ್ಮಿಗಳು ಹುಕ್ಕದ ಬುಡಗಳನ್ನು ಎಷ್ಟು ಚೆಂದ ಮಾಡಿದ್ದಾರೆ ಅಂತ ನೋಡಬೇಕಾದರೆ ಇಲ್ಲಿಯ ಸಾಲಾರ್‌ಜಂಗ್ ಮ್ಯೂಸಿಯಂಗೆ ಬನ್ನಿ. ಕರಿ ಲೋಹದ ಮೇಲೆ ಬೆಳ್ಳಿಯ ಬಳ್ಳಿ. ನಿಷೇಧವಾದ ವಸ್ತುವಿಗೆ ಅಷ್ಟು ಸಿಂಗಾರ! ಜಹಾಂಗೀರನಾಗಿ ನಾನೂರು ವರ್ಷದ ಮೇಲೆ, 2024ರ ಫೆಬ್ರವರಿಯಲ್ಲಿ, ಕರ್ನಾಟಕ ಸರ್ಕಾರ ಹುಕ್ಕ ನಿಷೇಧಿಸಿತು. ಅದೇ ತಿಂಗಳು ನಮ್ಮ ತೆಲಂಗಾಣವೂ ಹುಕ್ಕ ಪಾರ್ಲರುಗಳಿಗೆ ಬೀಗ ಹಾಕುವ ಕಾನೂನು ತಂದಿತು.

ಹುಕ್ಕ ಶ್ರೀಮಂತರ ಬೈಠಕ್ಕಿನ ವಸ್ತು. ಎಲೆಯನ್ನೇ ಸುತ್ತಿ ಸೇದುವುದು ಅದಕ್ಕಿಂತ ಸರಳ ಮತ್ತು ಹಳೆಯದು. 1492ರ ನವೆಂಬರಿನಲ್ಲಿ ಕೊಲಂಬಸ್ಸಿನ ಇಬ್ಬರು ಜನ ಕ್ಯೂಬಾದ ಒಳನಾಡಿಗೆ ಹೋಗಿ ಬಂದಾಗ, ಅಲ್ಲಿಯ ತಾಯಿನೋ ಜನ ಉರಿಯುವ ಎಲೆಯ ಹೊಗೆ ಎಳೆಯುವುದನ್ನು ನೋಡಿ ಬಂದು ಹೇಳಿದರು. ಅದೇ ಪದ್ಧತಿ ಸಮುದ್ರ ದಾಟಿ ನಮ್ಮಲ್ಲಿಗೆ ಬಂದು ಬೇರೆ ಹೆಸರು ಪಡೆಯಿತು. ತಮಿಳಿನಲ್ಲಿ ಸುರುಟ್ಟು. ಇಂಗ್ಲಿಷಿನವರ ನಾಲಿಗೆಯಲ್ಲಿ ಅದು ಚೆರೂಟ್ ಆಯಿತು. ತೆಲುಗಿನಲ್ಲಿ ಚುಟ್ಟ. ನಮ್ಮ ಸುರುಳಿ, ಸುರುಟು, ಸುತ್ತು ಎಲ್ಲ ಇವುಗಳ ಅಕ್ಕತಂಗಿಯರೇ. ಎಲೆ ಹೊರಗಿನದು, ಸುತ್ತುವ ಕ್ರಿಯೆಗೆ ಶಬ್ದ ಮಾತ್ರ ಮನೆಯದು!

ತಿರುಚಿರಾಪಳ್ಳಿಯ ಸುರುಟ್ಟು ಒಂದು ಕಾಲಕ್ಕೆ ಲಂಡನ್ನಿನಲ್ಲಿ ಹೆಸರುವಾಸಿ. ಎಷ್ಟೆಂದರೆ 1887ರಲ್ಲಿ ಬಂದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲೇ ಅದು ಬರುತ್ತದೆ. ನೆಲದ ಮೇಲೆ ಬಿದ್ದ ಕಪ್ಪು, ಪದರು ಪದರಾದ ಬೂದಿ ನೋಡಿ ಕೊಲೆಗಾರ ಸೇದಿದ್ದು ತಿರುಚಿಯ ಸಿಗಾರು ಅಂತ ಹೋಮ್ಸ್ ಗುರುತಿಸುತ್ತಾನೆ. ಇನ್ನೊಂದು ಕಾದಂಬರಿಯಲ್ಲಿ ‘ಲಂಕಾ’ ಚುಟ್ಟದ ಮಾತಿದೆ. ಓದಿದವರು ಸಿಂಹಳ ಅಂದುಕೊಳ್ಳುತ್ತಾರೆ. ಅದು ಗೋದಾವರಿ ನದಿಯ ನಡುವಿನ ದ್ವೀಪಗಳಲ್ಲಿ ಬೆಳೆದ ತಂಬಾಕು. ತೆಲುಗಿನಲ್ಲಿ ನದಿಯ ನಡುಗಡ್ಡೆಗೆ ಲಂಕ ಅನ್ನುತ್ತಾರೆ. ಸಿಗಾರೆಂದರೆ ನೆನಪಾಗುವ ಚರ್ಚಿಲ್ ಕೂಡ 1895ರಲ್ಲಿ ಕ್ಯೂಬಾಕ್ಕೆ ಹೋಗಿ ಬಂದು, ಮರುವರ್ಷವೇ ಸೈನ್ಯದ ಜೊತೆ ನಮ್ಮ ಬೆಂಗಳೂರಿನ ದಂಡಿಗೆ ಬಂದಿಳಿದವನು. ಏಳಿಂಚು ಉದ್ದದ ಸಿಗಾರಿಗೆ ಅವನ ಹೆಸರೇ ನಿಂತುಬಿಟ್ಟಿದೆ.

ಈಗ ಕ್ಯೂಬಾಕ್ಕೆ ಬರೋಣ. ಪ್ರೀಮಿಯಂ ಅನ್ನುವ ಮಾತಿಗೆ ಅರ್ಥ ಬರೆದ ಸಿಗಾರು ಕೊಹೀಬಾ. 1960ರ ದಶಕದಲ್ಲಿ ಫಿಡೆಲ್ ಕ್ಯಾಸ್ಟ್ರೋನ ಅಂಗರಕ್ಷಕನೊಬ್ಬ ತನ್ನ ಗೆಳೆಯ ಸುತ್ತಿ ಕೊಟ್ಟ ಹೆಸರಿಲ್ಲದ ಸಿಗಾರು ಸೇದುತ್ತಿದ್ದನಂತೆ. ಅದರ ಪರಿಮಳ ಕ್ಯಾಸ್ಟ್ರೋಗೆ ಹಿಡಿಸಿತು. ಗೆಳೆಯನನ್ನು ಹುಡುಕಿಸಿ, ಹವಾನಾದ ಎಲ್ ಲಗೀತೋ ಅನ್ನುವ ಬಂಗಲೆಯಲ್ಲಿ ಅದನ್ನು ಮಾಡಿಸಲು ಶುರು ಮಾಡಿದರು. 1966ರಲ್ಲಿ ಕೊಹೀಬಾ ಅಂತ ಹೆಸರಾಯಿತು. ಅದು ತಾಯಿನೋ ಜನರದೇ ಶಬ್ದ. ಸುತ್ತುವುದಕ್ಕೆ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಬಹಳ ವರ್ಷ ಅದು ಮಾರಾಟಕ್ಕೇ ಇರಲಿಲ್ಲ, ಪರದೇಶದ ನಾಯಕರಿಗೆ ಉಡುಗೊರೆ ಕೊಡುವುದಕ್ಕೆ ಮಾತ್ರ. ಅಂಗಡಿಗೆ ಬಂದಿದ್ದು 1982ರಲ್ಲಿ. ಅಸದ್ ಬೇಗನ ಬೆಳ್ಳಿ ತಟ್ಟೆ ನೆನಪಾಗುತ್ತದೆ ಅಲ್ಲವೆ?

ಸಿಗಾರಿನಲ್ಲಿ ಮೂರು ಬಗೆಯ ಎಲೆ. ಒಳಗೆ ತುಂಬುವುದು, ಅದನ್ನು ಹಿಡಿದು ಕಟ್ಟುವುದು, ಮೇಲೆ ಹೊದಿಸುವುದು. ಒಳಗೆ ತುಂಬುವ ಎಲೆಯಲ್ಲೂ ಜಾತಿ ಇದೆ. ಗಿಡದ ಕೆಳಗಿನ ಎಲೆ ಚೆನ್ನಾಗಿ ಉರಿಯುತ್ತದೆ, ನಡುವಿನದು ಪರಿಮಳ ಕೊಡುತ್ತದೆ, ಬಿಸಿಲು ಹೆಚ್ಚು ಕುಡಿದ ಮೇಲಿನ ಎಲೆ ಖಾರ. ಕೊಯ್ದ ಎಲೆ ಒಣಗಬೇಕು, ರಾಶಿ ಹಾಕಿ ಹುಳಿಬರಿಸಬೇಕು, ಎಲೆಯ ಕಾವು ತಾನೇ ಅದನ್ನು ಹದ ಮಾಡಬೇಕು. ಕೊಹೀಬಾಕ್ಕೆ ಕೆಲವು ಎಲೆಗಳನ್ನು ಮೂರನೇ ಸಲವೂ ಹುಳಿಬರಿಸುತ್ತಾರೆ. 2010ರಲ್ಲಿ ಬಿಡುಗಡೆಯಾದ ಕೊಹೀಬಾ ಬೆಹೀಕೆಯಲ್ಲಿ ಗಿಡದ ತುತ್ತತುದಿಯ, ಎಲ್ಲ ಗಿಡಗಳಲ್ಲೂ ಬಾರದ ಎಲೆಯನ್ನು ಸೇರಿಸಿದರು. 52, 54, 56 ಅಂತ ಮೂರು ಅಳತೆ. ಅದು ದಪ್ಪದ ಲೆಕ್ಕ, ಒಂದಿಂಚಿನ 64 ಭಾಗದಲ್ಲಿ ಅಷ್ಟು. 2022ರಲ್ಲಿ ಕೊಹೀಬಾ ಬೆಲೆಯನ್ನು ಜಗತ್ತಿನಾದ್ಯಂತ ವಿಪರೀತ ಏರಿಸಿದರು. ಕೊಳ್ಳುವವರು ಕೊಳ್ಳುತ್ತಲೇ ಇದ್ದಾರೆ.

ಅಂಕ ಕೊಡುವ ಪದ್ಧತಿ ಬಂದದ್ದು ವೈನಿನಿಂದ. 1992ರಲ್ಲಿ ಅಮೆರಿಕದಲ್ಲಿ ಸಿಗಾರ್ ಅಫಿಶಿಯನಾಡೋ ಅನ್ನುವ ಪತ್ರಿಕೆ ಶುರುವಾಯಿತು. ಸಿಗಾರಿನ ಹೆಸರಿನ ಪಟ್ಟಿ ತೆಗೆದು, ಯಾವ ಕಂಪನಿಯದೆಂದು ಗೊತ್ತಾಗದಂತೆ ಸೇದಿ, ನೂರಕ್ಕೆ ಅಂಕ ಹಾಕುವುದು. ನೋಟ ಮತ್ತು ಕಟ್ಟು, ರುಚಿ, ಉರಿಯುವ ರೀತಿ, ಒಟ್ಟು ಅಭಿಪ್ರಾಯ, ಹೀಗೆ ನಾಲ್ಕು ಕಾಲಂ. ಪಟ್ಟಿ ತೆಗೆಯುವುದು ನನ್ನ ಮಟ್ಟಿಗೆ ಬಹಳ ನ್ಯಾಯದ ಕೆಲಸ. ಅಸದ್ ಬೇಗನ ರತ್ನದ ಕೊಳವೆ ಕಿತ್ತಿಟ್ಟು ಬರೀ ಮಣ್ಣಿನ ಚಿಲುಮೆಯಲ್ಲಿ ಕೊಟ್ಟಿದ್ದರೆ ಅಮೀರರು ಹಾಗೆ ಮುಗಿಬೀಳುತ್ತಿದ್ದರೇ?

ಹೋದ ವರ್ಷ ನನ್ನ ತಂಗಿಯ ಮಗ ದುಬೈಯಿಂದ ಬರುವಾಗ ಹೊಸದಾಗಿ ಬಿಡುಗಡೆಯಾದ ನಿಕರಾಗುವಾ ಸಿಗಾರು ತಂದಿದ್ದ. ಹೆಸರು ಬೇಡ, ಪ್ರಚಾರ ಆದೀತು. 1962ರಲ್ಲಿ ಕೆನಡಿ ಕ್ಯೂಬಾ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದ ಮೇಲೆ ಕ್ಯೂಬಾ ಬಿಟ್ಟ ಬೆಳೆಗಾರರು ಅಕ್ಕಪಕ್ಕದ ದೇಶಗಳಲ್ಲಿ ನೆಲೆಯೂರಿದರು. ನಿಕರಾಗುವಾದ ಎಸ್ತೆಲಿ ಕಣಿವೆ ಹಾಗೆ ಮೇಲೆ ಬಂದದ್ದು. ಊರು ಬಿಟ್ಟವರು ಬೀಜ ಬಿಡಲಿಲ್ಲ! ಆ ಮಾತು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಕೂತೆವು. “ಮಾಮಾ, ನೀವೂ ನೋಡ್ರಿ. ನೋಡಿ ಮಾರ್ಕ್ಸ್ ಹಾಕ್ರಿ” ಅಂದ. ಮೇಲೆಲೆ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು, ಒಂದು ನರವೂ ಎದ್ದು ಕಾಣುತ್ತಿರಲಿಲ್ಲ. ಒತ್ತಿದರೆ ಎಲ್ಲೂ ಪೊಳ್ಳಿಲ್ಲ, ಗಂಟಿಲ್ಲ. ತುದಿ ಕತ್ತರಿಸಿ, ಹಚ್ಚದೇ ಬಾಯಿಗಿಟ್ಟು ಎಳೆದ. ಆಮೇಲೆ ಉರಿ ತಾಗಿಸದೆ, ಬರೀ ಕಾವಿನಲ್ಲಿ ತುದಿಯನ್ನು ಬೆಚ್ಚಗೆ ಮಾಡಿ ಹಚ್ಚಿದ. ಹೊಗೆಯನ್ನು ಎದೆಗಿಳಿಸಲಿಲ್ಲ, ಬಾಯಲ್ಲಿ ಆಡಿಸಿ ಬಿಟ್ಟ. ಮೊದಲ ಮೂರನೇ ಒಂದು ಭಾಗಕ್ಕೆ ಮೆಣಸು, ನಡುವಿಗೆ ಕಾಫಿ ಮತ್ತು ಕೋಕೋ, ಕೊನೆಗೆ ಚರ್ಮ ಅಂತ ಹೇಳುತ್ತ ಹೋದ. ನಾನು ಅಕ್ಬರನ ಲೆಕ್ಕದಲ್ಲಿ ಎರಡು ಮೂರು ಸಲ ಎಳೆದೆ. ನನಗೆ ಬಂದದ್ದು ಹುರಿದ ಕೊತ್ತಂಬರಿ ಬೀಜ, ಆಮೇಲೆ ಮಳೆಗೆ ನೆನೆದ ಕಣಕಿ ಬಣವಿ ಬಿಚ್ಚಿದಾಗ ಏಳುವ ವಾಸನೆ. ಚರ್ಮ ನನಗೂ ಸಿಕ್ಕಿತು, ಊರಿನ ಚಪ್ಪಲಿ ಅಂಗಡಿಯ ಕಟ್ಟೆ. ಬೂದಿ ಒಂದಿಂಚು ಬೆಳೆದರೂ ಉದುರಲಿಲ್ಲ. ವಸ್ತು ಚೆನ್ನಾಗಿತ್ತು ಅನ್ನಲು ನನಗೆ ಸಂಕೋಚ ಇಲ್ಲ. ಯಾರೋ ಕೈ ಪಳಗಿದವರು ಸುತ್ತಿದ್ದು.

ಕೈ ಪಳಗಿದವರು ಅಂದಾಗ ನನಗೆ ನೆನಪಾಗುವುದು ಒಬ್ಬಾಕೆ. 1983ರಲ್ಲಿ ನಾನು ಇಲ್ಲಿ ಬಾಡಿಗೆಗಿದ್ದ ಮನೆಯ ಮಾಲೀಕರ ತಾಯಿ, ಶ್ರೀಕಾಕುಳಂ ಕಡೆಯ ಹಳ್ಳಿಯವರು. ಮಧ್ಯಾಹ್ನ ಹಿತ್ತಲಲ್ಲಿ ಕೂತು ಚುಟ್ಟ ಸುತ್ತುತ್ತಿದ್ದರು. ಊರಿಂದ ಬಂದ ಒಣ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಹೆಬ್ಬೆರಳಿನಲ್ಲಿ ತೀಡಿ, ಬೇಡವಾದದ್ದನ್ನು ಪಕ್ಕಕ್ಕಿಟ್ಟು, ನೀರು ಚಿಮುಕಿಸಿ, ಸುತ್ತಿ ದಾರ ಕಟ್ಟುವುದು. ಯಾವ ಪತ್ರಿಕೆಯ ವಿಮರ್ಶಕರಿಗೂ ಕಡಿಮೆ ಇಲ್ಲದ ಪರೀಕ್ಷೆ. ಆಮೇಲೆ ಹಚ್ಚಿ ಎರಡು ಸಲ ಎಳೆದು, ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಳ್ಳುತ್ತಿದ್ದರು! ಮೊದಲ ಸಲ ನೋಡಿ ನಾನು ಗಾಬರಿಯಾಗಿ ಎದ್ದು ನಿಂತಿದ್ದೆ. “ಏಂ ಕಾದು ಬಾಬು” ಅಂತ ನಕ್ಕರು. ಏನೂ ಆಗಲ್ಲ ಮಗಾ ಅಂತ. ಆ ಕಡೆಯ ಹೆಂಗಸರ ರೂಢಿ ಅದು, ಅಡ್ಡ ಪೊಗ ಅನ್ನುತ್ತಾರೆ.

1987ರಲ್ಲಿ ಅವರು ತೀರಿಕೊಂಡರು. ಅಂಗಳದ ಕ್ಯಾನ್ಸರು. ಕೊನೆಯ ತಿಂಗಳುಗಳಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ಓದಿದೆ: 1960ರ ದಶಕದಿಂದಲೇ ವೈದ್ಯರು ಆ ಭಾಗದ ಹಳ್ಳಿಗಳಿಗೆ ಹೋಗಿ, ಸಾವಿರಾರು ಜನರ ಬಾಯಿ ತೆರೆಸಿ ನೋಡಿ, ಅಡ್ಡ ಪೊಗಕ್ಕೂ ಅಂಗಳದ ಕ್ಯಾನ್ಸರಿಗೂ ಇರುವ ನಂಟನ್ನು ದಾಖಲಿಸಿದ್ದರು.

ಈ ಕಥೆಯನ್ನು ಹುಡುಗನಿಗೆ ಹೇಳಿದೆ. “ಅದು ಬ್ಯಾರೆ ಮಾಮಾ. ಇದು ಪ್ರೀಮಿಯಂ. ಮತ್ತ ನಾ ಹೊಗಿ ಒಳಗ ತಗೊಳ್ಳೂದಿಲ್ಲ” ಅಂದ.

ಹಕೀಮ ಕೇಳಿದ ಪರೀಕ್ಷೆ ಆಗ್ರಾದಲ್ಲಿ ಆಗಲಿಲ್ಲ. ಆಗಲು ಮುನ್ನೂರೈವತ್ತು ವರ್ಷ ಬೇಕಾಯಿತು. 1950ರಲ್ಲಿ ಡಾಲ್ ಮತ್ತು ಹಿಲ್ ಎಂಬ ಇಬ್ಬರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಲೆಕ್ಕ ಹಾಕಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ತೋರಿಸಿದರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಬಂತು. 1998ರಲ್ಲಿ ಅಲ್ಲಿಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸಿಗಾರಿನ ಮೇಲೆಯೇ ಒಂದು ಪ್ರತ್ಯೇಕ ಗ್ರಂಥ ತಂದಿತು. ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳ ಅಪಾಯದಿಂದ ಪಾರಾಗುವುದಿಲ್ಲ ಅಂತ ಅದು ಹೇಳಿತು. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಎಲೆ ಯಾವ ಕಣಿವೆಯದು, ಎಷ್ಟು ಸಲ ಹುಳಿಬಂದಿದೆ ಅನ್ನುವುದನ್ನು ಬಾಯಿಯ ಚರ್ಮ ಕೇಳುವುದಿಲ್ಲ.

ಕೊಹೀಬಾ ಮಾಡಿಸಿದ ಕ್ಯಾಸ್ಟ್ರೋ ಏನು ಮಾಡಿದ ಗೊತ್ತೇ? ದೇಶದ ಜನರ ಆರೋಗ್ಯದ ಆಂದೋಲನಕ್ಕಾಗಿ 1985ರಲ್ಲಿ ಸಿಗಾರು ಬಿಟ್ಟ. ಮಾರಾಟ ಮಾತ್ರ ನಡೆದೇ ಇತ್ತು. ಅತ್ತ ಅಕ್ಬರ್ ತಾನು ಸೇದದೆ ಇದ್ದ, ಊರು ಸೇದಿತು. ನಾನೂರು ವರ್ಷದ ಅಂತರದಲ್ಲಿ ಇಬ್ಬರು ದೊರೆಗಳು, ಒಂದೇ ಕಥೆ.

ಅಕ್ಬರನ ಮಾತನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ನಮ್ಮ ಪುಸ್ತಕದಲ್ಲಿಲ್ಲ ಅಂತ ಹೊಸದನ್ನು ತಳ್ಳಬಾರದು. ಆದರೆ ಹಕೀಮ ಹೇಳಿದ್ದು ತಳ್ಳಿ ಅಂತಲ್ಲ, ನೋಡದೆ ದೊರೆಗೆ ಕೊಡಲಾರೆ ಅಂತ. ಎರಡು ಮಾತೂ ಒಂದೇ ದಿನ, ಒಂದೇ ಕೋಣೆಯಲ್ಲಿ ಹುಟ್ಟಿದವು. ಊರು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿತು, ಯಾಕೆಂದರೆ ಅದರ ಪಕ್ಕ ಬೆಳ್ಳಿ ತಟ್ಟೆ ಇತ್ತು.

ಅಂಕ ಕೇಳಿದ್ದನಲ್ಲ ಹುಡುಗ, ಕೊಟ್ಟೆ. ನೋಟಕ್ಕೆ ಪೂರ್ತಿ, ಕಟ್ಟಿಗೆ ಪೂರ್ತಿ, ಉರಿಗೆ ಪೂರ್ತಿ, ರುಚಿಗೆ ಅರ್ಧ ಕಡಿಮೆ, ಕೊನೆಯ ಕಹಿಗಾಗಿ. ಆಮೇಲೆ ಪತ್ರಿಕೆಯ ನಾಲ್ಕು ಕಾಲಂಗಳ ಪಕ್ಕಕ್ಕೆ ಐದನೆಯದೊಂದನ್ನು ಎಳೆದು, ಇದು ಹಕೀಮನದು, ಇದನ್ನು ನೀನೇ ತುಂಬು ಅಂದೆ. ಪೆಟ್ಟಿಗೆಯಲ್ಲಿ ಇನ್ನೂ ಒಂಬತ್ತು ಉಳಿದಿದ್ದವು. ಪೆಟ್ಟಿಗೆ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ. ಸೇದಿದನೋ, ಯಾರಿಗಾದರೂ ಕೊಟ್ಟನೋ, ನಾನು ಕೇಳಿಲ್ಲ.